ಸಹಾಯ ಬೇಕು: ಪ್ಲಾಸ್ಟಿಕ್ ಸ್ಯಾಟರ್ನ್ 5 ಮಾಡೆಲ್ ಹಾರಿಸಬೇಕು, ಸ್ಥಿರತೆ ಕೈಕೊಡ್ತಿದೆ

ಶೋಕೇಸಿಗೆ ಅಂತ ಮಾಡಿರೋ 1/144 ಅಳತೆಯ ಸ್ಯಾಟರ್ನ್ 5 (ಅಪೊಲೊ ಚಂದ್ರಯಾತ್ರೆಯ ರಾಕೆಟ್) ಕಿಟ್ ಇದು, ಸುಮಾರು 77 ಸೆಂ.ಮೀ. ಎತ್ತರ. ಇದನ್ನ ನಿಜವಾಗಿ ಹಾರಿಸೋ ಆಸೆ. ಬುಡದ ಐದು ನಾಝಲ್‌ಗಳನ್ನ ಬಿಚ್ಚಿಡೋ ಹಾಗೆ ಮಾಡಿ, ಒಳಗೆ 24 ಮಿ.ಮೀ. ಮೋಟರ್ ಮೌಂಟ್ ಕೂರಿಸಿದೀನಿ. ಪ್ಯಾರಾಶೂಟ್ ಹೊರದಬ್ಬೋ ಎಜೆಕ್ಷನ್ ಚಾರ್ಜಿನ ಬಿಸಿಗೆ ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕರಗಬಾರದಲ್ಲ, ಅದಕ್ಕೆ ಮೋಟರಿಂದ ಪ್ಯಾರಾಶೂಟ್ ತನಕ ರಟ್ಟಿನ ಕೊಳವೆ ಎಳೆದಿದೀನಿ. ಇಲ್ಲೀವರೆಗೆ ಎಲ್ಲ ಸಲೀಸು.

ತಲೆನೋವು ರೆಕ್ಕೆಗಳದ್ದು. ಅಸಲಿ ರಾಕೆಟ್ ಎಂಜಿನ್ ಓಲಾಡಿಸಿ ದಿಕ್ಕು ಹಿಡೀತಿತ್ತು, ಆ ಪುಟಾಣಿ ರೆಕ್ಕೆ ಅದಕ್ಕೆ ಸಾಕಿತ್ತು. ನಮ್ಮದಕ್ಕೆ ಆ ಭಾಗ್ಯ ಇಲ್ಲ. ಖಾಲಿ ಅಲ್ಲ, ಮೋಟರ್ ಹಾಕಿಯೇ ದಾರಕ್ಕೆ ಕಟ್ಟಿ ಬೀಸಿ ನೋಡಿದೆ: ಮೂತಿ ಮುಂದೆ ಮಾಡೋ ಬದಲು ಅಡ್ಡಡ್ಡ ತಿರುಗುತ್ತೆ. ಮೂತಿ ಭಾರ ಆಗಲಿ ಅಂತ ಕಮಾಂಡ್ ಮಾಡ್ಯೂಲ್ (ಮೇಲ್ತುದಿಯ ಕೋನ್) ಒಳಗೆ ಜೇಡಿ ತುಂಬುತ್ತಾ ಹೋದೆ. ಬೀಸಿದಾಗ ನೆಟ್ಟಗೆ ನಿಲ್ಲೋ ಹೊತ್ತಿಗೆ ಮೋಟರ್ ಎತ್ತಬಲ್ಲ ತೂಕವೇ ಮೀರಿತ್ತು. ಹಿಂದೆ ಪಾರದರ್ಶಕ ಪಾಲಿಕಾರ್ಬೊನೇಟ್ ರೆಕ್ಕೆ ಅಂಟಿಸಿದರೆ ಒತ್ತಡ ಕೇಂದ್ರ (ಗಾಳಿಯ ಬಲ ಒಟ್ಟಾಗಿ ತಾಗೋ ಬಿಂದು) ಹಿಂದೆ ಸರಿಯುತ್ತೆ, ನಿಜ, ಆದರೆ ಅದರ ಭಾರಕ್ಕೆ, ಒತ್ತಡ ಕೇಂದ್ರಕ್ಕಿಂತ ಮುಂದಿರಬೇಕಾದ ಗುರುತ್ವ ಕೇಂದ್ರವೂ (ತೂಕ ಸಮತೂಗೋ ಬಿಂದು) ಹಿಂದಕ್ಕೇ ಜಾರುತ್ತೆ.

ಅದಕ್ಕೂ ಮುಂಚೆ ಲೆಕ್ಕವೇ ಗೊಂದಲ. ರಾಕೆಟ್ ಆಕಾರಕ್ಕೆ ರಟ್ಟು ಕತ್ತರಿಸಿ ಅದು ಸಮತೂಗೋ ಬಿಂದು ನೋಡಿದ್ದಕ್ಕೂ ಬ್ಯಾರೋಮನ್ ಸೂತ್ರಕ್ಕೂ (ರಾಕೆಟ್ಟಿನ ಆಕಾರದಿಂದ ಒತ್ತಡ ಕೇಂದ್ರ ಲೆಕ್ಕ ಹಾಕೋದು) ಒತ್ತಡ ಕೇಂದ್ರ ತಾಳೆ ಆಗ್ತಿಲ್ಲ. ಸೂತ್ರದ ಪ್ರಕಾರ ಅದು ಇನ್ನೂ ಮುಂದಿದೆ, ಹಂತಗಳ ನಡುವೆ ಅಗಲವಾಗೋ ಕೋನ್‌ಗಳಿಂದ ಇರಬೇಕು.

ಇಂಥದ್ದನ್ನ ಹಾರಿಸಿದವರು ಹೇಳಿ: ಯಾವ ಲೆಕ್ಕ ನಂಬಿ ಎರಡು ಕೇಂದ್ರಗಳ ನಡುವೆ ರಾಕೆಟ್ಟಿನ ಒಂದು ವ್ಯಾಸದಷ್ಟು ಅಂತರ ಇಟ್ಟುಕೊಳ್ಳಲಿ? ಆ ಅಂತರಕ್ಕೆ ಪಾರದರ್ಶಕ ರೆಕ್ಕೆ ಹೊರಗೆ ಎಷ್ಟು ಚಾಚಬೇಕು?