ಮೊಟ್ಟೆಯ ಹಳದಿ ಪೇಲವ, ದಿನ ಕಳೆದ ಮೊಟ್ಟೆಯಲ್ಲಿ ಹಸಿರುಗಂದು ಕಲೆ: ಯಾವುದರ ದೋಷ?

ತೋಟದಮನೆ, ತಿಪಟೂರು

ಎಲ್ಲರಿಗೂ ನಮಸ್ಕಾರ. ತೆಂಗಿನ ತೋಟದಲ್ಲಿ 40 ಕೋಳಿ ಸಾಕಿದ್ದೇನೆ. ಗಿರಿರಾಜ ಹೆಚ್ಚು, ನಾಟಿ 12. ವಾರಕ್ಕೊಮ್ಮೆ ಬೆಂಗಳೂರಿನ ಕೆಲವು ಮನೆಗಳಿಗೆ ಮೊಟ್ಟೆ ಕಳುಹಿಸುತ್ತೇನೆ. ಎರಡು ತಿಂಗಳಿಂದ ದೂರುಗಳು ಬರುತ್ತಿವೆ. ಹಳದಿ ಭಾಗ ಮಜ್ಜಿಗೆಗೆ ಚಿಟಿಕೆ ಅರಿಶಿನ ಹಾಕಿದಷ್ಟು ಪೇಲವವಾಗಿದೆ. "ತೋಟದ ಮೊಟ್ಟೆ ಎಂದು ಹೇಳಿ ಅಂಗಡಿಯದ್ದನ್ನು ಕಳುಹಿಸುತ್ತೀರಾ" ಎಂದು ಒಬ್ಬರು ಕೇಳಿಯೇಬಿಟ್ಟರು. ಆ ದಿನ ನನಗೆ ಊಟ ಸೇರಲಿಲ್ಲ.

ಮುಸುಕಿನ ಜೋಳದ ಬೆಲೆ ಏರಿದ್ದರಿಂದ ಅಕ್ಕಿ ನುಚ್ಚು, ರಾಗಿ, ತೌಡು ಹಾಕುತ್ತಿದ್ದೇನೆ. ಬೇಸಿಗೆಯಾದ್ದರಿಂದ ತೋಟದಲ್ಲಿ ಹಸಿರು ಕಡಿಮೆ. ಇವುಗಳಿಂದ ಬಣ್ಣ ಇಳಿದಿರಬಹುದು ಎಂದುಕೊಂಡಿದ್ದೆ. ಆದರೆ ಇನ್ನೊಂದು ವಿಚಿತ್ರವಿದೆ. ಅಂದೇ ಇಟ್ಟ ಮೊಟ್ಟೆ ಒಡೆದರೆ ಏನೂ ಕಾಣುವುದಿಲ್ಲ. ವಾರ ಕಳೆದ ಮೊಟ್ಟೆಯ ಹಳದಿಯ ಮೇಲೆ ಮಾತ್ರ ಹಸಿರುಗಂದು ಕಲೆಗಳು, ಬಲಿತ ಬಾಳೆಹಣ್ಣಿನ ಸಿಪ್ಪೆಯ ಚುಕ್ಕೆಗಳಂತೆ. ವಾಸನೆ ಇಲ್ಲ. ಚಿಪ್ಪೂ ತೆಳ್ಳಗಾಗಿದೆ. ಕೋಳಿಗಳು ಲವಲವಿಕೆಯಿಂದಲೇ ಇವೆ. ಏನು ಮಾಡಲಿ?

ನಾಟಿ ಸಾಕಣೆ, ಗುಂಡ್ಲುಪೇಟೆ

ಅಕ್ಕಾ, ಪೇಲವ ಬಣ್ಣದ ಉತ್ತರ ಸುಲಭ. ಹಳದಿಯ ಬಣ್ಣವನ್ನು ಕೋಳಿ ತಾನೇ ತಯಾರಿಸುವುದಿಲ್ಲ, ತಿಂದದ್ದರಿಂದ ಪಡೆಯುತ್ತದೆ. ಲ್ಯೂಟೀನ್, ಜಿಯಾಜ್ಯಾಂಥಿನ್ ಎಂಬ ವರ್ಣದ್ರವ್ಯಗಳು ಹಳದಿ ಮುಸುಕಿನ ಜೋಳದಲ್ಲಿ, ಸೊಪ್ಪಿನಲ್ಲಿ ಇರುತ್ತವೆ. ನುಚ್ಚಕ್ಕಿ, ತೌಡು, ರಾಗಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮೂರಿನ ಹೊಲಗಳಿಂದ ಲಾರಿಗಟ್ಟಲೆ ಚೆಂಡುಹೂವು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಅದರ ಸಾರವನ್ನು ಕೋಳಿ ಮೇವಿಗೂ ಬೆರೆಸುತ್ತಾರೆ. ನಾನು ದಳಗಳನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಹಾಕುತ್ತೇನೆ. ಔಷಧಿ ಸಿಂಪಡಿಸಿದ ಹೂವನ್ನು ಮಾತ್ರ ಬಳಸಬೇಡಿ.

ಮೆಣಸಿನಕಾಯಿ ಹೊಲ, ಬ್ಯಾಡಗಿ

ಕೆಂಪುಛಾಯೆ ಬೇಕಿದ್ದರೆ ನಮ್ಮ ಮೆಣಸಿನಕಾಯಿಯೇ ಇದೆ. ಹಕ್ಕಿಗಳಿಗೆ ಖಾರ ತಾಗುವುದಿಲ್ಲ, ಬಣ್ಣ ಮಾತ್ರ ಹಳದಿಗೆ ಇಳಿಯುತ್ತದೆ. ಆದರೆ ಮೊದಲು ಜೋಳ, ಸೊಪ್ಪಿನಿಂದ ಹಳದಿ ಕೂಡಿಸಿಕೊಳ್ಳಿ. ಅದರ ಮೇಲೆ ಕೆಂಪು ಬಿದ್ದರೆ ಕಿತ್ತಳೆಯಾಗುತ್ತದೆ.

ನಿವೃತ್ತ ಪಶುವೈದ್ಯ, ದಾವಣಗೆರೆ

ಇಬ್ಬರೂ ಹೇಳಿದ್ದು ಸರಿ. ಆದರೆ ಆ ತಾಯಿಯ ಪ್ರಶ್ನೆಯ ಮುಖ್ಯ ಭಾಗ ಕಲೆ. ಬಣ್ಣ ಹಾಕಿ ಅದನ್ನು ಮುಚ್ಚಬೇಡಿ. ಮೂರು ಪ್ರಶ್ನೆಗಳಿಗೆ ಉತ್ತರ ಕೊಡಿ. ಅಗ್ಗವೆಂದು ಬ್ರಾಯ್ಲರ್ ಮೇವು ಹಾಕಿದ್ದೀರಾ? ಮಾಂಸದ ಕೋಳಿಗೆ ರಕ್ತಭೇದಿ ತಡೆಯಲು ಬಳಸುವ ನಿಕಾರ್ಬಜಿನ್ ಮೊಟ್ಟೆಯ ಕೋಳಿಗೆ ಹೋದರೆ ಹಳದಿಯಲ್ಲಿ ಕಲೆ ಏಳುತ್ತದೆ. ಮೇವಿನಲ್ಲಿ ಬೂಷ್ಟಿನ ವಾಸನೆ ಇದೆಯೇ? ಬೂಷ್ಟಿನ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಬಣ್ಣವೂ ಹೀರಿಕೆಯಾಗುವುದಿಲ್ಲ. ಮೂರನೆಯದು: ಮನೆಯಲ್ಲಿ ಹಸು ಇವೆಯೇ? ಅವುಗಳಿಗೆ ಯಾವ ಹಿಂಡಿ ಹಾಕುತ್ತೀರಿ?

ತೋಟದಮನೆ, ತಿಪಟೂರು

ಬ್ರಾಯ್ಲರ್ ಮೇವು ಹಾಕಿಲ್ಲ. ತೌಡಿನ ಚೀಲಕ್ಕೆ ಕೈ ಹಾಕಿ ಮೂಸಿ ನೋಡಿದೆ, ಬೂಷ್ಟಿಲ್ಲ. ಹಸು ಎರಡು ಇವೆ, ತಂದು ಎರಡೂವರೆ ತಿಂಗಳಾಯಿತು. ಹತ್ತಿಕಾಳು ಹಿಂಡಿ ಹಾಕುತ್ತೇವೆ. ಇದನ್ನು ಬರೆಯುವಾಗಲೇ ಎದ್ದು ಹೋಗಿ ನೋಡಿದೆ ಸರ್. ಗೋದಲಿಯಲ್ಲಿ ಹಸುವಿನ ಮೂತಿಯ ಪಕ್ಕದಲ್ಲೇ ನಾಲ್ಕು ಕೋಳಿ ನಿಂತು ಹಿಂಡಿ ಹೆಕ್ಕುತ್ತಿದ್ದವು. ಕೆಳಗೆ ಚೆಲ್ಲಿದ್ದನ್ನು ಇನ್ನೂ ಏಳೆಂಟು ಕೆರೆಯುತ್ತಿದ್ದವು.

ನಿವೃತ್ತ ಪಶುವೈದ್ಯ, ದಾವಣಗೆರೆ

ಹಾಗಾದರೆ ಅದೇ ಕಾರಣವಿರಬೇಕು. ಹತ್ತಿಬೀಜದಲ್ಲಿ ಗಾಸಿಪಾಲ್ ಎಂಬ ಪದಾರ್ಥವಿದೆ. ದೊಡ್ಡ ಹಸುವಿನ ಮೆಲುಕು ಹೊಟ್ಟೆ ಅದನ್ನು ತಕ್ಕಮಟ್ಟಿಗೆ ಕಟ್ಟಿಹಾಕುತ್ತದೆ. ಕೋಳಿಗೆ ಆ ಅನುಕೂಲವಿಲ್ಲ. ಗಾಸಿಪಾಲ್ ಹಳದಿಗೆ ಸೇರಿ ಅಲ್ಲಿನ ಕಬ್ಬಿಣದೊಂದಿಗೆ ಕೂಡಿದಾಗ ಹಸಿರುಗಂದು ಬಣ್ಣ ಬರುತ್ತದೆ. ಮೊಟ್ಟೆ ಹಳೆಯದಾದಂತೆ ಅದು ಎದ್ದು ಕಾಣುತ್ತದೆ. ತಾಜಾ ಮೊಟ್ಟೆ ನಿಮ್ಮ ಕಣ್ಣು ತಪ್ಪಿಸಿದ್ದು ಅದಕ್ಕೇ. ಹತ್ತಿಬೀಜದ ಎಣ್ಣೆಯಲ್ಲಿರುವ ಒಂದು ಬಗೆಯ ಕೊಬ್ಬಿನಾಮ್ಲದಿಂದ, ದಿನ ಕಳೆದ ಮೊಟ್ಟೆಯ ಬಿಳಿ ಲೋಳೆ ನಸುಗುಲಾಬಿಯಾಗುವುದೂ ಉಂಟು.

ಗೋದಲಿಗೆ ಕೋಳಿ ಹೋಗದಂತೆ ಇಂದೇ ಬಲೆ ಕಟ್ಟಿ, ಚೆಲ್ಲಿದ ಹಿಂಡಿ ಗುಡಿಸಿ. ಆದರೆ ನಾಳೆಯೇ ಫಲ ನಿರೀಕ್ಷಿಸಬೇಡಿ. ಇಂದು ಇಡುವ ಮೊಟ್ಟೆಯ ಹಳದಿ ಕಳೆದ ಹತ್ತು ದಿನಗಳಲ್ಲಿ ಪದರ ಪದರವಾಗಿ ಬೆಳೆದದ್ದು, ಅಂದಿನ ಮೇವಿನ ಲೆಕ್ಕ ಅದರಲ್ಲಿದೆ. ದೇಹದಲ್ಲಿ ಉಳಿದದ್ದು ಕರಗಲು ಇನ್ನೂ ಕೆಲವು ವಾರ ಬೇಕು. ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲ್‌ನಿಂದ ತಾರೀಖು ಬರೆಯಿರಿ. ಒಂದೇ ದಿನದ ಎರಡರಲ್ಲಿ ಒಂದನ್ನು ಅಂದೇ, ಇನ್ನೊಂದನ್ನು ಎಂಟು ದಿನ ಬಿಟ್ಟು ಬಿಳಿ ತಟ್ಟೆಗೆ ಒಡೆದು ನೋಡಿ.

ಚಿಪ್ಪಿನ ವಿಷಯ ಬೇರೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಚಿಪ್ಪು ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ, ಹೆಚ್ಚಿನ ಕೆಲಸ ರಾತ್ರಿ. ನುಚ್ಚು, ರಾಗಿ, ತೌಡಿನಲ್ಲಿ ಅಷ್ಟು ಕ್ಯಾಲ್ಸಿಯಂ ಸಿಗುವುದಿಲ್ಲ. ಜೊತೆಗೆ ಬಿಸಿಲಿಗೆ ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಕಪ್ಪೆಚಿಪ್ಪಿನ ದಪ್ಪ ಚೂರನ್ನು ಬೇರೆ ತಟ್ಟೆಯಲ್ಲಿ ಸಂಜೆ ಇಡಿ. ಪುಡಿ ಬೇಡ, ಚೂರು ನಿಧಾನವಾಗಿ ಕರಗಿ ರಾತ್ರಿಯಿಡೀ ಒದಗುತ್ತದೆ. ನೆರಳು, ತಣ್ಣೀರು ತಪ್ಪಿಸಬೇಡಿ. ಮುಖ್ಯ ಆಹಾರವಾಗಿ ಮೊಟ್ಟೆಯ ಕೋಳಿಗೆಂದೇ ಮಾಡಿದ ಲೇಯರ್ ಮೇವನ್ನೇ ಕೊಡಿ, ನುಚ್ಚು ಮೇಲುಮೇವಾಗಲಿ.

ನಿಮ್ಮ ಗ್ರಾಹಕರಿಗೂ ಒಂದು ಮಾತು ತಿಳಿಸಿ. ಹಳದಿ ಗಾಢವಾಗಿದ್ದರೆ ಪೌಷ್ಟಿಕ ಎನ್ನುವುದು ತಪ್ಪು. ಮೊಟ್ಟೆಯಲ್ಲಿರುವ ಎ ಜೀವಸತ್ವ ಕಿತ್ತಳೆ ಬಣ್ಣದ್ದಲ್ಲ. ತಾಜಾತನ ನೋಡಬೇಕಿದ್ದರೆ ಬಿಳಿ ಲೋಳೆ ನೋಡಿ: ಹಳದಿಯ ಸುತ್ತ ಗಟ್ಟಿಯಾಗಿ ಎದ್ದು ನಿಂತಿದ್ದರೆ ಹೊಸದು, ನೀರಿನಂತೆ ಹರಡಿದರೆ ಹಳೆಯದು ಅಥವಾ ಬಿಸಿಲಲ್ಲಿ ಇಟ್ಟದ್ದು.

ನಾಟಿ ಸಾಕಣೆ, ಗುಂಡ್ಲುಪೇಟೆ

ನಮ್ಮ ಕೊಟ್ಟಿಗೆಯಲ್ಲೂ ಇದೇ ಹಿಂಡಿ, ಇದೇ ಕೋಳಿ ಓಡಾಟ. ಈಗಲೇ ಬಲೆ ತರಲು ಹೊರಟೆ.

ತೋಟದಮನೆ, ತಿಪಟೂರು (ಐದು ವಾರಗಳ ನಂತರ)

ಸರ್, ಅಂದೇ ಹಳೆಯ ಸೊಳ್ಳೆಬಲೆ ಕಟ್ಟಿ ಗೋದಲಿಯನ್ನು ಮುಚ್ಚಿದೆ. ಲೇಯರ್ ಮೇವು, ಸಂಜೆ ಚಿಪ್ಪಿನ ಚೂರು, ಬೆಳಿಗ್ಗೆ ಹೆಚ್ಚಿದ ನುಗ್ಗೆಸೊಪ್ಪು ಮತ್ತು ಕುದುರೆಮೆಂತ್ಯ ಕೊಟ್ಟೆ. ಮೊದಲ ವಾರ ಏನೂ ಬದಲಾಗಲಿಲ್ಲ, ಎದೆ ಒಡೆದಂತಾಗಿತ್ತು. ಒಂಬತ್ತನೆಯ ದಿನದ ಮೊಟ್ಟೆ ಬೇಯಿಸಿ ದಾರದಿಂದ ಎರಡು ಹೋಳು ಮಾಡಿದಾಗ ಕಂಡಿತು: ನಡುವೆ ಅದೇ ಪೇಲವ, ಅಂಚಿಗೆ ಮಾತ್ರ ಅರಿಶಿನದ ಬಳೆ ತೊಡಿಸಿದಂತೆ ಗಾಢ ಹಳದಿ. ನೀವು ಹೇಳಿದ ಪದರ ಅದೇ ಎಂದು ಮಕ್ಕಳನ್ನೂ ಕರೆದು ತೋರಿಸಿದೆ.

ಕಲೆ ಹೋಗಲು ಹೆಚ್ಚು ದಿನ ಹಿಡಿಯಿತು. ಮೂರನೆಯ ವಾರದ ಮೊಟ್ಟೆಗಳಲ್ಲೂ ಎಂಟು ದಿನ ಇಟ್ಟಾಗ ಒಂದೆರಡು ಚುಕ್ಕೆ ಇದ್ದವು. ನಾಲ್ಕನೆಯ ವಾರದ ಆರು ಮೊಟ್ಟೆಗಳನ್ನು ಎಂಟು ದಿನ ಇಟ್ಟು ಇಂದು ಬೆಳಿಗ್ಗೆ ಒಡೆದೆ. ಆರೂ ಶುದ್ಧವಾಗಿವೆ. ನಾಳೆ ಬೆಂಗಳೂರಿನ ಬಸ್ಸಿಗೆ ಎರಡು ಟ್ರೇ ಹಾಕುತ್ತಿದ್ದೇನೆ, ಒಂದೊಂದರ ಮೇಲೂ ತಾರೀಖು ಬರೆದು.