ಮೀನಿನ ಹೃದಯ ಮತ್ತೆ ಬೆಳೆಯುತ್ತದಂತೆ, ನಿಜವಾ?

ತೀರ್ಥಹಳ್ಳಿ ಹುಡುಗ:
ಹೋದ ಮಳೆಗಾಲದಲ್ಲಿ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯಿತು. ಈಗ ಆರಾಮಾಗಿದ್ದಾರೆ, ಆದರೆ ತೋಟದಿಂದ ಮನೆಗೆ ಏರು ಹತ್ತಿದರೆ ಏದುಸಿರು. ಸತ್ತ ಜಾಗದಲ್ಲಿ ಕಲೆ ಕಟ್ಟಿದೆ, ಅದು ಮತ್ತೆ ಸ್ನಾಯು ಆಗುವುದಿಲ್ಲ ಎಂದರು ಡಾಕ್ಟರು. ಮೊನ್ನೆ ಭಾವ ವಾಟ್ಸಾಪಲ್ಲಿ ಒಂದು ಕಳಿಸಿದರು, ಯಾವುದೋ ಮೀನಿನ ಹೃದಯ ಕತ್ತರಿಸಿದರೂ ವಾಪಸ್ ಬೆಳೆಯುತ್ತದಂತೆ. ಹಲ್ಲಿ ಬಾಲ ಬೆಳೆಯುವುದು ನೋಡಿದ್ದೇನೆ. ಆದರೆ ಹೃದಯ ನಿಲ್ಲುವ ಹಾಗಿಲ್ಲವಲ್ಲ, ಬಡಿಯುತ್ತಾ ಇರುವಾಗಲೇ ರಿಪೇರಿ ಹೇಗೆ?

ಸಾಗರದ ಮೇಷ್ಟ್ರು:
ನಿಜ. ಜೀಬ್ರಾಫಿಶ್ ಅಂತ, ಮೂರು ನಾಲ್ಕು ಸೆಂ.ಮೀ. ಉದ್ದ, ನೀಲಿ ಪಟ್ಟೆ, ನಮ್ಮ ದೇಶದ್ದೇ ಮೀನು. 2002ರಲ್ಲಿ ಅಮೆರಿಕದ ಕೆನೆತ್ ಪಾಸ್ ಮತ್ತು ಜೊತೆಯವರು ಇದರ ಹೃದಯದಲ್ಲಿ ರಕ್ತ ಪಂಪ್ ಮಾಡುವ ಕೋಣೆಯ ಸುಮಾರು ಶೇ. 20 ಭಾಗ ಕತ್ತರಿಸಿ ತೆಗೆದರು. ಮೊದಲು ರಕ್ತ ಹೆಪ್ಪುಗಟ್ಟಿ ತೂತು ಮುಚ್ಚಿತು. ಎರಡು ತಿಂಗಳಲ್ಲಿ ಆ ಜಾಗಕ್ಕೆ ಹೊಸ ಸ್ನಾಯು ಬಂತು.

ಬೇರೆ ಬೇರೆ ಬಗೆಯ ಕೋಶವಾಗಿ ಬದಲಾಗಬಲ್ಲ ಮೂಲಕೋಶ, ಅಂದರೆ ಸ್ಟೆಮ್ ಸೆಲ್‌ನಿಂದ ಬಂದಿರಬಹುದು ಎಂಬ ಊಹೆ ಇತ್ತು. ಅದಲ್ಲ, ಗಾಯದ ಅಂಚಿನಲ್ಲಿ ಉಳಿದ ಸ್ನಾಯು ಜೀವಕೋಶಗಳೇ ಎಂದು 2010ರಲ್ಲಿ ಎರಡು ತಂಡಗಳು ತೋರಿಸಿದವು. ಅವು ತಮ್ಮೊಳಗಿನ ಹಿಗ್ಗಿ ಕುಗ್ಗುವ ಎಳೆಗಳನ್ನು ಸಡಿಲ ಮಾಡಿಕೊಂಡು ಒಂದು ಎರಡಾಗುತ್ತವೆ. ಉಳಿದ ಹೃದಯ ಬಡಿಯುತ್ತಲೇ ಇರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಅದೇ. ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯಲ್ಲೂ ಈ ಮೀನಿನ ಹೃದಯದ ಮೇಲೆ ಕೆಲಸ ನಡೆದಿದೆ.

ತೀರ್ಥಹಳ್ಳಿ ಹುಡುಗ:
ಮತ್ತೆ ನಮ್ಮ ಹೃದಯಕ್ಕೇನು ಕಷ್ಟ ಮೇಷ್ಟ್ರೇ?

ಸಾಗರದ ಮೇಷ್ಟ್ರು:
ಇಲಿಮರಿಗೆ ಹುಟ್ಟಿದ ಮೊದಲ ದಿನ ಆ ಶಕ್ತಿ ಇರುತ್ತದೆ, ಏಳನೇ ದಿನಕ್ಕೆ ಇರುವುದಿಲ್ಲ. 2011ರಲ್ಲಿ ಗೊತ್ತಾಗಿದ್ದು ಇದು. ಹುಟ್ಟಿದ ಮೇಲೆ ಹೃದಯದ ಕೋಶಗಳು ಗಾತ್ರದಲ್ಲಿ ಬೆಳೆಯುತ್ತವೆ, ಎರಡಾಗುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಡುತ್ತವೆ. ನಮ್ಮಲ್ಲಿ ಪೂರ್ತಿ ಶೂನ್ಯ ಅಲ್ಲ, 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಕೋಶ ಹೊಸದಾಗುತ್ತದೆ, 75ಕ್ಕೆ ಅದರ ಅರ್ಧಕ್ಕಿಂತ ಕಡಿಮೆ. (ಇದನ್ನು ಲೆಕ್ಕ ಹಾಕಿದ್ದು ಹೇಗೆ ಗೊತ್ತಾ, ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿ ನಮ್ಮ ಮೈಗೂ ಬಂದ ಕಾರ್ಬನ್-14 ಎಂಬ ವಿಕಿರಣ ಇಂಗಾಲ ನೋಡಿ!) ಅಟ್ಯಾಕಿನಲ್ಲಿ ಸಾಯುವುದು ಕೋಟಿಗಟ್ಟಲೆ ಕೋಶ, ಇದು ಯಾವ ಮೂಲೆಗೆ ಸಾಲುತ್ತದೆ.

ಆದರೆ ಕಲೆಯನ್ನು ಬೈಯಬೇಡಿ. ಜಡಿಮಳೆಯಲ್ಲಿ ಕೆರೆ ಏರಿ ಬಿರಿದರೆ ಚೆಂದ ನೋಡುತ್ತಾ ಕೂರುತ್ತೇವಾ, ಕೈಗೆ ಸಿಕ್ಕ ಕಲ್ಲು ಮಣ್ಣು ತುಂಬುತ್ತೇವೆ. ನಮ್ಮ ಹೃದಯದಲ್ಲಿ ರಕ್ತದ ಒತ್ತಡ ಮೀನಿಗಿಂತ ತುಂಬಾ ಜಾಸ್ತಿ. ಕಲೆ ಕಟ್ಟದಿದ್ದರೆ ಆ ಜಾಗ ಒಡೆದೇ ಹೋಗಬಹುದಿತ್ತು.

ಶಿವಮೊಗ್ಗ ಅಕ್ವೇರಿಯಂ:
ನನ್ನ ಟ್ಯಾಂಕಲ್ಲಿ ಈ ಮೀನು ಒಂದು ಡಜನ್ ಇವೆ, ಇಷ್ಟು ದೊಡ್ಡ ಮನುಷ್ಯರು ಅಂತ ಗೊತ್ತಿರಲಿಲ್ಲ! ಒಂದು ಮಾತು ಸೇರಿಸುತ್ತೇನೆ, ಎಲ್ಲ ಮೀನಿಗೂ ಇದು ಬರುವುದಿಲ್ಲ. ಜಪಾನಿನ ಮೆಡಾಕಾ ಅಂತ ಇದೆ, ಅದರ ಹೃದಯಕ್ಕೆ ಗಾಯ ಆದರೆ ನಮ್ಮ ಹಾಗೆ ಕಲೆಯೇ. ಮತ್ತೆ ನಿಮ್ಮ ಭಾವ ಮೀನು ಸಾರಿನ ಕಡೆಗೆ ಹೋಗುವ ಮೊದಲೇ ಹೇಳಿಬಿಡಿ, ತಿಂದರೆ ಹೃದಯ ಬೆಳೆಯುವುದಿಲ್ಲ.

ಸಾಗರದ ಮೇಷ್ಟ್ರು:
ಹ್ಹಹ್ಹ. ಮಾತ್ರೆ ಮಾತ್ರ ಬಿಡಿಸಬೇಡಿ ಮಾರಾಯ್ರೆ, ಉಳಿದ ಸ್ನಾಯುವಿನ ಮೇಲಿನ ಭಾರ ಇಳಿಸುವುದು ಅವೇ.

ತೀರ್ಥಹಳ್ಳಿ ಹುಡುಗ:
ಭಾವ ಸಾರಿನ ವಿಷಯ ಆಗಲೇ ಕೇಳಿ ಆಗಿದೆ. ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಹಾಗಾದರೆ ಈ ಸಲ ಅಡಿಕೆ ಕೊನೆ ಕೊಯ್ಲಿಗೆ ಆ ಮೀನನ್ನೇ ಕರೆಸು ಎಂದರು.