ಎದೆಗೆ ಬಟ್ಟೆ ಬಿಗೀಬೇಡಿ

ನಿನ್ನ ಮೆಸೇಜ್ ಈಗ ಕೇಳಿದೆ ಮಗಳೇ. ನಿಮ್ಮಪ್ಪ ಶ್ರೀನಿವಾಸಪುರದ ತೋಟದಲ್ಲಿ ಮಾವಿನ ಮರದಿಂದ ಜಾರಿ ಬಿದ್ದವ್ನೆ, ಎಡಪಕ್ಕೆ ನೋವು ಅಂತಾನೆ, ಪಂಚೆ ಸುತ್ತಿ ಬಿಗಿಯಾಗಿ ಕಟ್ಟೋಣ್ವಾ ಅಂತ ಕೇಳಿದ್ದೀಯ. ಬೇಡ. ಯಾರೇನೇ ಹೇಳಲಿ, ಎದೆಗೆ ಬಟ್ಟೆ ಬಿಗೀಬೇಡಿ.

ಕೆಳಗಿನಮನೆ ದೊಡ್ಡಪ್ಪಂಗೆ ಆಗಿದ್ದು ನಿಮಗೆಲ್ಲ ಗೊತ್ತಲ್ಲ. ನನ್ನ ಕಣ್ಣೆದುರೇ ನಡೆದಿದ್ದು. ಹುಣಸೆ ಮರದಿಂದ ಬಿದ್ರು, ಎರಡು ಪಕ್ಕೆಲುಬು ಬಿರುಕು. ನಾಟಿ ಕಟ್ಟು ಹಾಕಿಸಿದ್ರು, ನೋವೂ ಇಳೀತು. ಆದ್ರೆ ಎದೆ ಉಬ್ಬೋಕೇ ಆಗ್ಲಿಲ್ಲ. ಪಕ್ಕೆಲುಬು 12 ಜೊತೆ, ಹಿಂದೆ ಬೆನ್ನುಮೂಳೆಗೆ ಕೀಲು ಹಾಕ್ಕೊಂಡಿರ್ತವೆ. ಉಸಿರು ಎಳೆದಾಗ ಬಕೆಟ್ಟಿನ ಹಿಡಿ ಎತ್ತಿದ ಹಾಗೆ ಮೇಲೇಳ್ತವೆ. ಅದನ್ನ ಅದುಮಿಟ್ರೆ ಶ್ವಾಸಕೋಶದ ತಳಕ್ಕೆ ಗಾಳಿ ಹೋಗಲ್ಲ, ಕೆಮ್ಮೋಕೆ ಬಲ ಸಾಲಲ್ಲ, ಕಫ ಅಲ್ಲೇ ಕೂತು ನ್ಯುಮೋನಿಯಾ ಆಗತ್ತೆ. ದೊಡ್ಡಪ್ಪ ಆಕ್ಸಿಜನ್ ಮೇಲೆ ಮಲಗಿದ್ದು ಹಂಗೇ. ಮತ್ತೆ ಹೇಳ್ತೀನಿ, ಪಂಚೆ ಬೇಡ, ಬೆಲ್ಟೂ ಬೇಡ.

ಆ ನಾಟಿ ಕಟ್ಟಿಗೂ ಮೊದಲು ದೊಡ್ಡಪ್ಪನ್ನ ತೋರಿಸಿದ ಕಡೆ ಎಕ್ಸ್‌ರೇ ಸರಿಯಿದೆ ಅಂತ ಕಳಿಸಿಬಿಟ್ಟಿದ್ರು. ಪಕ್ಕೆ ಬಿರುಕು ಎಕ್ಸ್‌ರೇಲಿ ಎಷ್ಟೋ ಸಲ ಕಾಣಲ್ಲ, ಕೈಯಿಟ್ಟು ಒತ್ತಿ ನೋಡ್ಬೇಕು. ಒಬ್ಬರೂ ನೋಡ್ಲಿಲ್ಲ. ಮನೆಯವರಾದ್ರೂ ಹೇಳಿದ್ರಾ? ಆಸ್ಪತ್ರೆಗೆ ಸೇರಿಸಿದ ಮೇಲೆ ನಂಗೆ ಫೋನು. ಈ ಗ್ರೂಪಲ್ಲಿ ದಿನಾ ಬೆಳಗ್ಗೆ ಹೂವಿನ ಫೋಟೋ ಹಾಕೋಕೆ ಎಲ್ರೂ ಇದ್ದೀರ, ಬಿದ್ದ ದಿನ ಒಂದು ಮಾತು ಕೇಳೋಕೆ ಯಾರಿಗೂ ಪುರುಸೊತ್ತಿರಲ್ಲ. ನೀನೊಬ್ಬಳು ಕೇಳಿದ್ಯಲ್ಲ, ಅಷ್ಟು ಸಾಕು.

ಅಯ್ಯೋ, ಮುಖ್ಯವಾದ್ದೇ ಬಿಟ್ಟೆ. ನೋವು ಎಡಗಡೆ ಕೆಳಗೆ, 9ರಿಂದ 12ನೇ ಪಕ್ಕೆ ಹತ್ರ ಇದ್ರೆ ಅದರ ಒಳಗಡೆ ಸ್ಪ್ಲೀನ್ ಅಂತ ರಕ್ತ ಸೋಸೋ ಅಂಗ ಇರತ್ತೆ, ಅದು ಹರಿದು ರಕ್ತ ಸೋರಬಹುದು. ಎಡಭುಜದ ತುದೀಲಿ ನೋವು, ತಲೆಸುತ್ತು, ತಣ್ಣನೆ ಬೆವರು, ಏದುಸಿರು, ಯಾವುದು ಕಂಡ್ರೂ 108ಕ್ಕೆ ಫೋನ್ ಮಾಡಿ. ನಡುಬೆನ್ನು ನೋವು, ಕಾಲು ಜೋಮು, ಮೂತ್ರ ಕಟ್ಟಿದೆ ಅಂದ್ರೆ ಎಬ್ಬಿಸಿ ಕೂರಿಸಲೇಬೇಡಿ, ಆಂಬುಲೆನ್ಸ್ ಬರೋವರೆಗೂ ಅಲುಗಾಡಿಸಬೇಡಿ. ಹೊರಳಿಸಲೇಬೇಕಾದ್ರೆ ನಾಲ್ಕು ಜನ ಸೇರಿ ತಲೆ, ಭುಜ, ಸೊಂಟ ಒಂದೇ ಸಾಲಲ್ಲಿ ಹಿಡಿದು ಒಟ್ಟಿಗೆ ಹೊರಳಿಸಿ.

ಇದ್ಯಾವುದೂ ಇಲ್ಲದಿದ್ರೂ ಇವತ್ತೇ ಡಾಕ್ಟರಿಗೆ ತೋರಿಸಿ, ಹೊಟ್ಟೆ ಸ್ಕ್ಯಾನ್ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಅವರು ಬರೆದ ನೋವಿನ ಮಾತ್ರೆ ಹೊತ್ತುಹೊತ್ತಿಗೆ ಕೊಡಿ. ನೋವು ತಡೆದ್ರೇನೇ ಆಳವಾಗಿ ಉಸಿರು ಎಳೆಯೋಕಾಗೋದು. ಎದ್ದಿರೋವಾಗ ಗಂಟೆಗೊಮ್ಮೆ 10 ಸಲ ಹಂಗೆ ಎಳೀಲಿ. ಕೆಮ್ಮು ಬಂದಾಗ ದಿಂಬು ಪಕ್ಕೆಗೆ ಒತ್ತಿ ಹಿಡ್ಕೊಂಡು ಕೆಮ್ಮಲಿ. ಮೂಳೆ ಕೂಡೋಕೆ ಸುಮಾರು 6 ವಾರ. ಈಗ ಅವನ ಎರಡೂ ಕಾಲು ಆಡ್ತಾವಾ ನೋಡಿ ಹೇಳು.